ಮೆಲ್ಬರ್ನ್‌ಗೆ ನಾನು ಬಂದೆ, ಸೂಟ್‌ಕೇಸ್ ಬರಲಿಲ್ಲ

ಆ ಸೂಟ್‌ಕೇಸ್ ತುಂಬಿದ್ದು ನಾನೊಬ್ಬಳೇ ಅಲ್ಲ. ನಾದಿನಿ ಬಾಣಂತಿ ಖಾರದ ಪುಡಿ ಮಾಡಿಸಿ ಕೊಟ್ಟಿದ್ದಳು. ಪಕ್ಕದ ಮನೆಯವರು ಹಳೇ ಪಂಚೆಗಳನ್ನು ಒಗೆದು, ಇಸ್ತ್ರಿ ಹಾಕಿ, ಮಗುವಿಗೆ ಸುತ್ತೋಕೆ ಇದಕ್ಕಿಂತ ಮೆತ್ತಗಿನ ಬಟ್ಟೆ ಇಲ್ಲ ಅಂತ ತಂದು ಕೊಟ್ಟರು. ಅಕ್ಕ ಚನ್ನಪಟ್ಟಣದ ಮರದ ಗಿಲಕಿ ಕೊಂಡು ತಂದಳು. ಒಣಶುಂಠಿ, ಓಮ, ಮೆಂತ್ಯ, ಅರಿಶಿನ, ತೇಯೋಕೆ ಬಜೆ ಬೇರು ಎಲ್ಲಾ ಸೇರಿತು. ಮೂಲೆಯಲ್ಲಿ ಜಾಗ ಉಳಿದಿದ್ದಕ್ಕೆ ನನ್ನ ನಾಲ್ಕು ಬಟ್ಟೆ ತುರುಕಿದೆ. ಮಗಳ ಬಾಣಂತನಕ್ಕೆ ಹಾಸನದಿಂದ ಮೆಲ್ಬರ್ನ್‌ಗೆ ಹೊರಟಿದ್ದೆ. ದೇಶ ಬಿಟ್ಟು ಹೋಗುತ್ತಿದ್ದುದು ಅದೇ ಮೊದಲು.

ಏನು ತರಬಾರದು ಅನ್ನುವ ಪಟ್ಟಿಯನ್ನು ಮಗಳು ಮೊದಲೇ ಕಳಿಸಿದ್ದಳು. ಪೇಡ, ಬರ್ಫಿ, ಜಾಮೂನು, ಹಾಲು ಹಾಕಿದ ಸಿಹಿ ಯಾವುದೂ ಬೇಡ. ಹಸಿ ಕರಿಬೇವು ಬೇಡ. ತುಪ್ಪ ಇಲ್ಲೇ ಸಿಗತ್ತೆ, ಹೊತ್ತು ತರಬೇಡ. ಹಾಲಿನ ಸಿಹಿಗೆ ಯಾಕೆ ಇಷ್ಟು ಹೆದರುತ್ತಾರೆ ಅಂತ ನನಗೆ ಅರ್ಥ ಆಗಿರಲಿಲ್ಲ. ನಮ್ಮನೆಯವರಿಗೆ ತಕ್ಷಣ ಹೊಳೆಯಿತು. 'ಕಾಲುಬಾಯಿ ಜ್ವರ ಕಣೇ' ಅಂದರು. ನಮ್ಮ ಕೊಟ್ಟಿಗೆಗೂ ಬಂದು ಹೋದ ರೋಗ ಅದು. ಆಸ್ಟ್ರೇಲಿಯಾದಲ್ಲಿ ಅದು ಕೊನೆಯ ಸಲ ಕಾಣಿಸಿಕೊಂಡಿದ್ದು 1872ರಲ್ಲಂತೆ. ಅಲ್ಲಿಂದಾಚೆ ಒಳಗೆ ಬಿಟ್ಟಿಲ್ಲ. ದನ, ಕುರಿ ಮೇಲೆ ಅಷ್ಟೊಂದು ದುಡ್ಡು ನಿಂತಿರುವ ದೇಶ, ಬಿಗಿ ಮಾಡದೆ ಇನ್ನೇನು ಮಾಡುತ್ತಾರೆ?

ಬೆಂಗಳೂರಿನಿಂದ ಹೊರಟ ವಿಮಾನ ತಡವಾಯಿತು. ನಡುವಿನ ಊರಲ್ಲಿ ಇನ್ನೊಂದು ವಿಮಾನ ಹಿಡಿಯಬೇಕಿತ್ತು. ಇಳಿದ ಕೂಡಲೇ ಒಬ್ಬ ಹುಡುಗಿ 'ಮೆಲ್ಬರ್ನ್, ಮೆಲ್ಬರ್ನ್' ಅಂತ ಬೋರ್ಡು ಹಿಡಿದು ನಮ್ಮನ್ನೆಲ್ಲ ಗುಂಪು ಮಾಡಿ ಓಡಿಸಿದಳು. ಮಂಡಿ ನೋವಿನ ಕಾಲಲ್ಲಿ ನಾನೂ ಓಡಿದೆ. ಬಾಗಿಲು ಹಾಕುವ ಮೊದಲು ಹೋಗಿ ಕೂತೆವು. ಜನರನ್ನು ಹೀಗೆ ಓಡಿಸಬಹುದು, ಸೂಟ್‌ಕೇಸನ್ನು ಓಡಿಸೋಕಾಗಲ್ಲ. ಅದನ್ನು ಒಂದು ವಿಮಾನದ ಹೊಟ್ಟೆಯಿಂದ ಇಳಿಸಬೇಕು, ಎಲ್ಲಿಗೆ ಹೋಗಬೇಕು ಅಂತ ವಿಂಗಡಿಸಬೇಕು, ಗಾಡಿಗೆ ಹಾಕಿ ಇನ್ನೊಂದು ವಿಮಾನದ ಹತ್ತಿರ ಒಯ್ಯಬೇಕು. ಈ ಲೆಕ್ಕ ಇಡುವ ಸೀಟಾ ಅನ್ನುವ ಸಂಸ್ಥೆಯ ವರದಿ ಆಮೇಲೆ ಓದಿದೆ. 2023ರಲ್ಲಿ ಜಗತ್ತಿನಾದ್ಯಂತ ಪ್ರತಿ ಸಾವಿರ ಪ್ರಯಾಣಿಕರಿಗೆ ಸುಮಾರು 7 ಬ್ಯಾಗುಗಳು ದಾರಿ ತಪ್ಪಿದ್ದವು. ತಡವಾಗಿ ಬಂದವುಗಳಲ್ಲಿ ಅರ್ಧದ ಹತ್ತಿರದಷ್ಟು ಹೀಗೆ ವಿಮಾನ ಬದಲಿಸುವ ಊರಿನಲ್ಲೇ ಉಳಿದವು.

ವಿಮಾನ ಇಳಿಯುವ ಮುಂಚೆ ಒಂದು ಕಾರ್ಡು ಕೊಟ್ಟರು. ಆಹಾರ ತಂದಿದ್ದೀರಾ? ಮರದ ಸಾಮಾನು, ಬೀಜ, ಗಿಡದ ಭಾಗ ಇದೆಯಾ? ಔಷಧಿ ಇದೆಯಾ? ಕಳೆದ 30 ದಿನಗಳಲ್ಲಿ ಹೊಲ, ತೋಟ, ದನಕರುಗಳ ಹತ್ತಿರ ಹೋಗಿದ್ದೀರಾ? ಎಲ್ಲದಕ್ಕೂ ನನ್ನದು 'ಹೌದು'. ಪಕ್ಕದಲ್ಲಿ ಕೂತಿದ್ದ ಹುಡುಗ ನನ್ನ ಕಾರ್ಡು ಇಣುಕಿ ನೋಡಿ, 'ಆಂಟಿ, ಇಷ್ಟು ಹೌದು ಹಾಕಿದ್ರೆ ಸುಮ್ನೆ ಲೇಟ್ ಆಗತ್ತೆ' ಅಂದ. ಆಗಲಿ ಬಿಡಪ್ಪ ಅಂದೆ. ಮಗಳು ಹೇಳಿದ್ದು ತಲೆಯಲ್ಲಿತ್ತು. ತಂದು ಹೇಳಿದರೆ ಹೆಚ್ಚೆಂದರೆ ಕಸದ ಬುಟ್ಟಿಗೆ ಹಾಕುತ್ತಾರೆ. ತಂದು ಹೇಳದಿದ್ದರೆ ಸಾವಿರಾರು ಡಾಲರ್ ದಂಡ ಬೀಳಬಹುದು. 2019ರಿಂದ ಈಚೆಗೆ ಪ್ರವಾಸಿ ವೀಸಾವನ್ನೇ ರದ್ದು ಮಾಡಿ ಅಲ್ಲಿಂದಲೇ ವಾಪಸ್ ಕಳಿಸುವ ಅಧಿಕಾರವೂ ಅವರಿಗಿದೆ. ನನ್ನದು ಅದೇ ವೀಸಾ.

ಪಾಸ್‌ಪೋರ್ಟ್ ಕೌಂಟರಿನಲ್ಲಿ ಏನೂ ತೊಂದರೆ ಆಗಲಿಲ್ಲ. ಬೆಲ್ಟಿನ ಹತ್ತಿರ ಹೋಗಿ ನಿಂತೆ. ಬ್ಯಾಗುಗಳು ಬಂದವು, ಜನ ಎತ್ತಿಕೊಂಡು ಹೋದರು. ನನ್ನದು ಕಡುನೀಲಿ ಬಣ್ಣದ್ದು, ಹಿಡಿಗೆ ಹಸಿರು ರಿಬ್ಬನ್ ಕಟ್ಟಿದ್ದೆ. ಕಡುನೀಲಿ ಬಣ್ಣದವು ಬೇಕಾದಷ್ಟು ಬಂದವು. ಕೊನೆಗೆ ಯಾರದೋ ಮಗುವಿನ ತಳ್ಳುಗಾಡಿ ಒಂದೇ ಸುತ್ತುತ್ತಾ ಉಳಿಯಿತು. ಆಮೇಲೆ ಬೆಲ್ಟೇ ನಿಂತಿತು. ತಲೆ ಎತ್ತಿ ನೋಡಿದರೆ ನನ್ನ ಜೊತೆ ಓಡಿದ್ದವರೇ ನಿಂತಿದ್ದಾರೆ. ಗುಜರಾತಿನ ವಯಸ್ಸಾದ ಗಂಡ ಹೆಂಡತಿ, ಓದೋಕೆ ಬಂದ ಒಬ್ಬ ಹುಡುಗ, ಇನ್ನೂ ಕೆಲವರು. ಯಾರೂ ಏನೂ ಹೇಳದೆಯೇ ನಮಗೆಲ್ಲ ಗೊತ್ತಾಯಿತು.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಬ್ಯಾಗ್ ಬಂದಿಲ್ಲ ಅಂದ ಕೂಡಲೇ ಹೊರಗೆ ಕಾಯುತ್ತಿರುವ ಮನೆಯವರ ಹತ್ತಿರ ಓಡಬೇಕು ಅನ್ನಿಸತ್ತೆ. ಓಡಬಾರದು. ಕಸ್ಟಮ್ಸ್ ದಾಟಿ ಹೊರಗೆ ಹೋದ ಮೇಲೆ ಮತ್ತೆ ಒಳಗೆ ಬಿಡುವುದಿಲ್ಲ. ದೂರು ಬರೆಸುವ ಕೌಂಟರು ಒಳಗೇ ಇರತ್ತೆ, ಬೆಲ್ಟುಗಳ ಪಕ್ಕದಲ್ಲೇ. ಅಲ್ಲಿ ಬರೆಸಿಕೊಂಡೇ ಹೊರಗೆ ಕಾಲಿಡಬೇಕು. ಮನೆಗೆ ಹೋಗಿ ಫೋನು ಮಾಡಿ ಹೇಳ್ತೀನಿ ಅಂದರೆ ಆಗಲ್ಲ ಅಂತಲ್ಲ. ಆದರೆ ಆಗ ನಾವು ಹೇಳಿದ್ದಕ್ಕೆ ಸಾಕ್ಷಿ ನಾವೇ.

ನಾನು ಕೆಲಸದಲ್ಲಿದ್ದಷ್ಟು ಕಾಲವೂ ಬ್ಯಾಂಕಿನ ಕೌಂಟರಿನ ಒಳಗೆ ಕೂತವಳು. ಹೊರಗೆ ನಿಂತು ಕೂಗಾಡುವವರನ್ನು ದಿನಾ ನೋಡಿದ್ದೆ. ಕೂಗಾಡಿದವರ ಕೆಲಸ ಬೇಗ ಆಗಿದ್ದು ಕಡಿಮೆ. ಹಾಗಾಗಿ ಸಾಲಿನಲ್ಲಿ ಸುಮ್ಮನೆ ನಿಂತೆ. ನನ್ನ ಮುಂದಿದ್ದವರು ಮೇಜು ಗುದ್ದುತ್ತಿದ್ದರು. ಕೌಂಟರಿನಲ್ಲಿ ಪೇಟ ಕಟ್ಟಿದ ಪಂಜಾಬಿ ಹುಡುಗ. ಇಂಗ್ಲಿಷು ಮಾತ್ರ ಪೂರ್ತಿ ಅಲ್ಲಿಯವರದೇ. ನನ್ನ ಬೋರ್ಡಿಂಗ್ ಪಾಸ್ ನೋಡಿದ. ಅದರ ಹಿಂದೆ ಬೆಂಗಳೂರಿನಲ್ಲಿ ಅಂಟಿಸಿದ್ದ ಚಿಕ್ಕ ಚೀಟಿ ಇತ್ತು, 10 ಅಂಕಿಯ ನಂಬರಿನದ್ದು. ಅದನ್ನು ನೋಡಿದವನ ಮುಖ ಸ್ವಲ್ಪ ಸಡಿಲವಾಯಿತು. ಎಷ್ಟೋ ಜನ ಅದನ್ನು ಕಿತ್ತು ಬಿಸಾಕಿರುತ್ತಾರಂತೆ. ಕಂಪ್ಯೂಟರಿಗೆ ನಂಬರ್ ಹೊಡೆದು, 'ಆಂಟಿಜೀ, ನಿಮ್ಮ ಬ್ಯಾಗ್ ಬೆಂಗಳೂರಿನಿಂದ ಹೊರಟಿದೆ. ನಡುವಿನ ಊರಲ್ಲಿ ಇಳಿದಿದ್ದು ಕಾಣತ್ತೆ. ಆಮೇಲೆ ಹತ್ತಿದ್ದು ಕಾಣ್ತಿಲ್ಲ' ಅಂತ ಹಿಂದಿಯಲ್ಲಿ ಹೇಳಿದ.

ಇಷ್ಟು ಅವನಿಗೆ ಹೇಗೆ ಗೊತ್ತಾಯಿತು ಅಂದರೆ, ಬ್ಯಾಗನ್ನು ಕೊಟ್ಟಾಗ, ವಿಮಾನಕ್ಕೆ ಹತ್ತಿಸಿದಾಗ, ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ, ಮತ್ತೆ ನಮ್ಮ ಕೈಗೆ ಕೊಡುವಾಗ ಎಲ್ಲಿದೆ ಅಂತ ದಾಖಲೆ ಇಡಬೇಕು ಅನ್ನುವ ನಿಯಮವನ್ನು ವಿಮಾನ ಕಂಪನಿಗಳ ಒಕ್ಕೂಟ ಐಯಾಟಾ 2018ರಲ್ಲಿ ಜಾರಿಗೆ ತಂದಿದೆ.

ಆಮೇಲೆ ಒಂದು ಚಿತ್ರಪಟ ಮುಂದಿಟ್ಟ. ಸೂಟ್‌ಕೇಸುಗಳ ಚಿತ್ರ, ಪ್ರತಿಯೊಂದಕ್ಕೂ ನಂಬರು, ಪಕ್ಕದಲ್ಲಿ ಬಣ್ಣಗಳ ಪಟ್ಟಿ. ನಿಮ್ಮದು ಯಾವ ಥರದ್ದು? ಗಟ್ಟಿಯಾದದ್ದಾ, ಬಟ್ಟೆಯದ್ದಾ? ಚಕ್ರ ಎಷ್ಟು? ಬೀಗ ಇದೆಯಾ? ಕಂಪನಿ ಯಾವುದು? ಊರಿಗೆ ಹೋಗುವಾಗೆಲ್ಲ ಎತ್ತಿಕೊಂಡು ಹೋದ ಸೂಟ್‌ಕೇಸು, ಅದರ ಕಂಪನಿ ಯಾವುದು ಅಂದರೆ ಬಾಯಿಗೆ ಬರಲಿಲ್ಲ. ಬೆಂಗಳೂರಿನಲ್ಲಿ ತಳ್ಳುಗಾಡಿ ಪಕ್ಕ ನಿಲ್ಲಿಸಿ ನಮ್ಮನೆಯವರು ನನ್ನ ಫೋಟೋ ತೆಗೆದಿದ್ದು ನೆನಪಾಯಿತು. ಅದರಲ್ಲಿ ನಾನು ಕಣ್ಣು ಮುಚ್ಚಿದ್ದೀನಿ, ಸೂಟ್‌ಕೇಸ್ ಮಾತ್ರ ಚೆನ್ನಾಗಿ ಬಂದಿತ್ತು. ಹುಡುಗ ಫೋಟೋ ನೋಡಿ ಎಲ್ಲ ತುಂಬಿಕೊಂಡ.

'ಒಳಗೆ ಏನಿದೆ? ಬೇರೆಯವರ ಬ್ಯಾಗಿನಲ್ಲಿ ಇಲ್ಲದ್ದು ಏನಾದರೂ ಹೇಳಿ' ಅಂದ. ನಂಬರಿನ ಚೀಟಿ ಕಿತ್ತುಹೋಗಿದ್ದರೆ ಬ್ಯಾಗ್ ತೆರೆದು ಒಳಗಿನ ಸಾಮಾನು ನೋಡಿ ಯಾರದು ಅಂತ ಕಂಡುಹಿಡಿಯುತ್ತಾರಂತೆ. ಬಟ್ಟೆ, ಚಪ್ಪಲಿ ಅಂದರೆ ಎಲ್ಲರದ್ದರಲ್ಲೂ ಇರತ್ತೆ. 'ಕೆಂಪು ಹಳದಿ ಬಣ್ಣದ ಮರದ ಗಿಲಕಿ' ಅಂದೆ. ಬರೆದುಕೊಂಡ. ಕೊನೆಗೆ ಒಂದು ಕಾಗದ ಕೈಗಿಟ್ಟ. ಅದರ ಮೇಲೆ 10 ಅಕ್ಷರ, ಅಂಕಿಗಳ ಒಂದು ಗುರುತು. ಮೊದಲ ಮೂರು ಅಕ್ಷರ ಮೆಲ್ಬರ್ನ್‌ಗೆ, ಮುಂದಿನ ಎರಡು ಕಂಪನಿಗೆ, ಉಳಿದ ಐದು ಅಂಕಿ ನನಗೆ. ವರ್ಲ್ಡ್‌ಟ್ರೇಸರ್ ಅನ್ನುವ ವ್ಯವಸ್ಥೆಯಲ್ಲಿ ಈ ಗುರುತು ಹಾಕಿದರೆ ಹುಡುಕಾಟ ಎಲ್ಲಿಗೆ ಬಂತು ಅಂತ ಮನೆಯಿಂದಲೇ ನೋಡಬಹುದು. ಕಾಗದ ಹಿಡಿದು ಹೊರಡೋಕೆ ಎದ್ದೆ. 'ಇನ್ನೊಂದಿದೆ' ಅಂದ.

ಆ ಇನ್ನೊಂದು ನನಗೆ ಕಷ್ಟವಾಯಿತು. ಬ್ಯಾಗ್ ನನ್ನ ಜೊತೆ ಬಂದಿಲ್ಲ. ಬಂದಾಗ ನಾನು ಅಲ್ಲಿರಲ್ಲ. ಆದರೆ ಕಸ್ಟಮ್ಸ್, ರೋಗ ಕೀಟ ಒಳಗೆ ಬರದಂತೆ ನೋಡುವ ಬಯೋಸೆಕ್ಯೂರಿಟಿ ಎರಡನ್ನೂ ಅದು ದಾಟಲೇಬೇಕು. ಹಾಗಾಗಿ ಒಳಗೆ ಏನೇನಿದೆ ಅಂತ ಪೂರ್ತಿ ಪಟ್ಟಿ ಬರೆದು, ನಾನಿಲ್ಲದಾಗ ತೆರೆದು ನೋಡಬಹುದು ಅಂತ ಒಪ್ಪಿ ಸಹಿ ಹಾಕಬೇಕು, ಬೀಗದ ನಂಬರನ್ನೂ ಕೊಡಬೇಕು. ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ, ಪಿನ್ ನಂಬರ್ ಯಾರಿಗೂ ಹೇಳಬೇಡಿ ಅಂತ ಕಂಡಕಂಡವರಿಗೆ ಬುದ್ಧಿ ಹೇಳಿದವಳು ನಾನು. ಈಗ ಕಣ್ಣಿಗೆ ಕಾಣದ ಬ್ಯಾಗಿಗೆ ಸಹಿ ಹಾಕಿ, ಮೂರಂಕಿಯ ನಂಬರನ್ನು ಕಾಗದದ ಮೇಲೆ ಬರೆದುಕೊಟ್ಟೆ. ಸಾಮಾನಿನ ಪಟ್ಟಿ ಬರೆಯುವುದಂತೂ ಒಂದು ದೊಡ್ಡ ಪರೀಕ್ಷೆ. ಉಂಡೆಗೆ ಹಾಕುವ ಅಂಟು, ಓಮ, ಬಜೆ ಇವಕ್ಕೆ ಇಂಗ್ಲಿಷಿನಲ್ಲಿ ಏನು ಬರೆಯಲಿ? 'ಗಮ್', 'ಸೀಡ್', 'ರೂಟ್' ಅಂತ ಬರೆದೆ. ಓದಿದರೆ ಯಾರಾದರೂ ಹೆದರಬೇಕು, ಹಾಗಿತ್ತು ಆ ಪಟ್ಟಿ.

ಹುಡುಗ ಒಂದು ಚಿಕ್ಕ ಕಿಟ್ ಕೊಟ್ಟ. ಒಳಗೆ ಹಲ್ಲುಜ್ಜುವ ಬ್ರಷ್ಷು, ಬಾಚಣಿಗೆ, ಶೇವಿಂಗ್ ಕ್ರೀಮು, ದೊಡ್ಡದೊಂದು ಬಿಳಿ ಟೀ ಶರ್ಟು. 'ಅಗತ್ಯದ ಬಟ್ಟೆ ಕೊಂಡುಕೊಳ್ಳಿ. ಬಿಲ್ಲು ಇಟ್ಟುಕೊಳ್ಳಿ. ಒಂದನ್ನೂ ಕಳೀಬೇಡಿ' ಅಂದ. ಬಿಲ್ಲಿನ ವಿಷಯ ನನಗೆ ಹೇಳಬೇಕಾ?

ಹೊರಗೆ ಹೋಗುವ ದಾರಿಯಲ್ಲಿ ಅಧಿಕಾರಿಯೊಬ್ಬಳು ಕಾರ್ಡು ತೆಗೆದುಕೊಂಡಳು. 'ಆಹಾರ ಇದೆ ಅಂತ ಬರೆದಿದ್ದೀರಿ. ಎಲ್ಲಿದೆ?' 'ಇನ್ನೂ ಬಂದಿಲ್ಲ.' 'ಮರದ ಸಾಮಾನು?' 'ಅದೂ ಬಂದಿಲ್ಲ.' ಅವಳಿಗೆ ನಗು ತಡೆಯಲಾಗಲಿಲ್ಲ. ತೋಟದ ವಿಷಯಕ್ಕೆ ಬಂದಾಗ ನನ್ನ ಕಾಲು ನೋಡಿದಳು. ತೋಟಕ್ಕೆ ಹೋಗಿದ್ದು ಇದೇ ಚಪ್ಪಲಿಯಲ್ಲಾ? ಅಲ್ಲ, ಅದು ಮನೆಯಲ್ಲೇ ಇದೆ ಅಂದೆ. ಆದರೂ ಎತ್ತಿ ಅಡಿ ತೋರಿಸಿ ಅಂದಳು. ಮಣ್ಣಿರಲಿಲ್ಲ. ಕೈಚೀಲದಲ್ಲಿದ್ದ ಬಿಪಿ ಮಾತ್ರೆ, ಡಾಕ್ಟರ ಚೀಟಿ ನೋಡಿ ಬಿಟ್ಟಳು.

ಮಾತ್ರೆ ಕೈಚೀಲದಲ್ಲೇ ಇರಬೇಕು ಅಂತ ಹಟ ಹಿಡಿದಿದ್ದು ಅಳಿಯಂದಿರು. ಅಲ್ಲಿಯ ಔಷಧಿ ಅಂಗಡಿಗಳಲ್ಲಿ ನಮ್ಮ ಊರಿನ ಡಾಕ್ಟರ ಚೀಟಿ ನಡೆಯಲ್ಲ. ಅಲ್ಲಿಯ ಡಾಕ್ಟರನ್ನೇ ನೋಡಿ ಬರೆಸಿಕೊಳ್ಳಬೇಕು. ಸೂಟ್‌ಕೇಸಿನಲ್ಲಿ ಇಟ್ಟಿದ್ದರೆ ಬಿಪಿ ಅಳೆಯುವ ಮೊದಲೇ ಏರಿರೋದು.

ಹೊರಗೆ ಅಳಿಯಂದಿರು ಒಬ್ಬರೇ ಕಾಯುತ್ತಿದ್ದರು. ಮಗಳಿಗೆ ದಿನ ತುಂಬುತ್ತಾ ಬಂದಿತ್ತು, ಬರಬೇಡ ಅಂತ ನಾನೇ ಹೇಳಿದ್ದೆ.

'ಅತ್ತೆ, ಸೂಟ್‌ಕೇಸ್ ಎಲ್ಲಿ?'

'ನೀವು ನಡೀರಿ, ಅದು ಹಿಂದಿನಿಂದ ಬರತ್ತೆ.'

ಪುಣ್ಯಕ್ಕೆ ಕೈಯಲ್ಲಿ ಮಗಳ ದಪ್ಪ ಕೋಟು ಹಿಡಿದು ಬಂದಿದ್ದರು. ಜುಲೈ ತಿಂಗಳು. ಅಲ್ಲಿ ಅದು ನಟ್ಟನಡು ಚಳಿಗಾಲ. ಹಗಲಲ್ಲಿ 14 ಡಿಗ್ರಿ ಮುಟ್ಟಿದರೆ ಹೆಚ್ಚು, ಬೆಳಗಿನ ಜಾವ ಏಳಕ್ಕೋ ಅದಕ್ಕೂ ಕೆಳಗೋ ಇಳಿಯತ್ತೆ. ಹಾಸನದ ಮಳೆಗಾಲದ ಚಳಿ ನೋಡಿದವಳು, ಇದೇನು ಮಹಾ ಅಂದುಕೊಂಡಿದ್ದೆ. ಬಾಗಿಲು ತೆರೆದಾಗ ಬೀಸಿದ ಗಾಳಿಗೆ ಹತ್ತಿ ಚೂಡಿದಾರದ ಒಳಗೆ ಮೂಳೆ ಎಲ್ಲಿದೆ ಅಂತ ಒಂದೊಂದೂ ಗೊತ್ತಾಯಿತು.

ವಿಮಾನ ನಿಲ್ದಾಣ ಇರುವುದು ಟಲ್ಲಾಮರೀನ್‌ನಲ್ಲಿ, ಊರಿನ ನಡುವಿನಿಂದ 23 ಕಿಲೋಮೀಟರ್ ದೂರ. ಅಲ್ಲಿಗೆ ರೈಲಿಲ್ಲ. ರೈಲು ಬರತ್ತೆ ಬರತ್ತೆ ಅಂತ ಅಲ್ಲಿಯವರು ಎಷ್ಟೋ ವರ್ಷದಿಂದ ಕೇಳುತ್ತಿದ್ದಾರಂತೆ. ದೇವನಹಳ್ಳಿಗೆ ಮೆಟ್ರೋ ಯಾವಾಗ ಅಂತ ಕೇಳುವ ಬೆಂಗಳೂರಿನವರಿಗೆ ಇದು ಹೊಸದಲ್ಲ. ನಮ್ಮ ವಾಯುವಜ್ರ ಇದ್ದಂತೆ ಅಲ್ಲಿ ಸ್ಕೈಬಸ್. ಅದು ನೇರ ಸದರ್ನ್ ಕ್ರಾಸ್ ರೈಲು ನಿಲ್ದಾಣಕ್ಕೆ ತಂದು ಬಿಡತ್ತೆ. ಖರ್ಚು ಕಡಿಮೆ ಬೇಕು ಅನ್ನುವವರು 901ನೇ ನಂಬರಿನ ಸಾಮಾನ್ಯ ಬಸ್ಸಿನಲ್ಲಿ ಬ್ರಾಡ್‌ಮೆಡೋಸ್ ನಿಲ್ದಾಣಕ್ಕೆ ಹೋಗಿ ಅಲ್ಲಿಂದ ರೈಲು ಹಿಡಿಯಬಹುದು. ನಾವು ಸ್ಕೈಬಸ್ಸಿನಲ್ಲಿ ಬಂದು ಟ್ರಾಮ್ ಹತ್ತಿದೆವು. ಊರ ನಡುವಿನ ಭಾಗದಲ್ಲಿ ಟ್ರಾಮಿಗೆ ದುಡ್ಡಿಲ್ಲ, 2015ರಿಂದ ಹಾಗೆ ಮಾಡಿದ್ದಾರೆ. ಆ ಗಡಿ ದಾಟಿ ಹೋಗುವವರು ಮೈಕಿ ಅನ್ನುವ ಕಾರ್ಡನ್ನು ಯಂತ್ರಕ್ಕೆ ತಾಗಿಸಬೇಕು. ಮಗಳ ಮನೆ ಬ್ರನ್ಸ್‌ವಿಕ್‌ನಲ್ಲಿ, 19ನೇ ನಂಬರಿನ ಟ್ರಾಮು ಸಿಡ್ನಿ ರೋಡಿನ ಉದ್ದಕ್ಕೂ ಹೋಗತ್ತೆ. ಮೆಲ್ಬರ್ನ್‌ನಲ್ಲಿ ಸಿಡ್ನಿ ರೋಡು. ಇರಲಿ. ಸಾಮಾನಿಲ್ಲದ್ದಕ್ಕೆ ಆದ ಒಂದೇ ಲಾಭ ಅಂದರೆ ಆ ಪ್ರಯಾಣ. ಎಲ್ಲರೂ ಬ್ಯಾಗು ಎಳೆಯುತ್ತಾ, ಒರಗಿಸುತ್ತಾ, ಕಾಲಲ್ಲಿ ತಡೆಯುತ್ತಾ ಇದ್ದರೆ ನಾನು ಕಿಟಕಿ ಪಕ್ಕ ಕೂತು ಊರು ನೋಡಿದೆ.

ಮನೆಗೆ ಹೋಗಿ ಸ್ನಾನ ಮಾಡಿದ ಮೇಲೆ ಹಾಕಿಕೊಳ್ಳೋದೇನು? ಮಗಳು ಸಣಕಲಿ, ಅವಳ ಹಳೇ ಬಟ್ಟೆ ಯಾವುದೂ ನನಗೆ ಆಗಲ್ಲ. ಕೊನೆಗೆ ಬಸುರಿಯರ ಪ್ಯಾಂಟು ಕೊಟ್ಟಳು, ಹೊಟ್ಟೆಯ ಹತ್ತಿರ ಅಗಲ ಇಲಾಸ್ಟಿಕ್ ಇರುವಂಥದ್ದು. ನನಗೆ ಹೊಲಿಸಿದ ಹಾಗೆ ಕೂತಿತು. ಮೇಲೆ ಕಂಪನಿಯವರ ಬಿಳಿ ಟೀ ಶರ್ಟು. ಜನ್ಮದಲ್ಲಿ ಪ್ಯಾಂಟು ಹಾಕದವಳು ಮಗಳ ಬಸುರಿ ಪ್ಯಾಂಟು ಹಾಕಿ ನಿಂತಾಗ ಅವಳು ನಕ್ಕ ನಗುವಿಗೆ ಹೆರಿಗೆ ಅಲ್ಲೇ ಆಗತ್ತೇನೋ ಅಂತ ಅಳಿಯಂದಿರು ಗಾಬರಿಯಾದರು. ಫೋನು ಚಾರ್ಜ್ ಮಾಡೋಣ ಅಂದರೆ ನಮ್ಮ ಪಿನ್ನು ಅಲ್ಲಿಯ ಗೋಡೆಗೆ ಹೋಗಲ್ಲ. ಅಲ್ಲಿ ಓರೆಯಾದ ಚಪ್ಪಟೆ ಕಾಲಿನ ಪಿನ್ನು. ಅದಕ್ಕೆ ಬೇಕಾದ ಅಡಾಪ್ಟರ್ ಕೊಂಡಿದ್ದೆ, ಸೂಟ್‌ಕೇಸಿನಲ್ಲಿತ್ತು.

ಮಾರನೇ ದಿನ ಹತ್ತಿರದ ಬಾರ್ಕ್ಲಿ ಸ್ಕ್ವೇರ್ ಅನ್ನುವ ಮಾಲಿಗೆ ಹೋದೆವು. ಅಲ್ಲಿ ಕೆಮಾರ್ಟ್ ಅಂತ ಅಂಗಡಿ, ಅಗ್ಗದ ಬಟ್ಟೆಗೆ ಊರಿಗೆಲ್ಲ ಅದೇ. ಒಳಉಡುಪು, ಕಾಲುಚೀಲ, ಒಳಗೆ ಹಾಕುವ ಬೆಚ್ಚನೆ ಬಟ್ಟೆ, ರಾತ್ರಿ ಉಡುಪು, ರಬ್ಬರ್ ಚಪ್ಪಲಿ ತೆಗೆದುಕೊಂಡೆ. ಮಗಳು ಅದೇ ಬುಟ್ಟಿಗೆ ಮಗುವಿನ ಟವೆಲ್ಲು, ಅಡುಗೆ ಮನೆ ಡಬ್ಬಿ ಹಾಕೋಕೆ ಬಂದಳು. ಬೇಡ, ಬೇರೆ ಬಿಲ್ಲು ಮಾಡಿಸು ಅಂದೆ. 'ಅಮ್ಮ, ಆಮೇಲೆ ಗೆರೆ ಎಳೆದು ತೋರಿಸಿದರಾಯ್ತು.' ಆಗಲ್ಲ ಪುಟ್ಟಿ. ಬಿಲ್ಲಿನಲ್ಲಿ ಒಂದು ಡಬ್ಬಿ ಕಂಡರೆ ನೋಡುವವನಿಗೆ ಪೂರ್ತಿ ಬಿಲ್ಲಿನ ಮೇಲೆ ಅನುಮಾನ ಬರತ್ತೆ. ನಾನೇ ಆ ಕುರ್ಚಿಯಲ್ಲಿ ಕೂತು ಅನುಮಾನ ಪಟ್ಟಿದ್ದೀನಲ್ಲ. ಕೋಟು ಮಾತ್ರ ಹೊಸದು ಕೊಳ್ಳೋಕೆ ಮನಸ್ಸಾಗಲಿಲ್ಲ. ಸಿಡ್ನಿ ರೋಡಿನಲ್ಲಿ ಆಪ್ ಶಾಪ್ ಅನ್ನುವ ಹಳೇ ಬಟ್ಟೆ ಅಂಗಡಿಗಳಿವೆ, ಅಲ್ಲೊಂದು ಉಣ್ಣೆ ಕೋಟು ಸಿಕ್ಕಿತು. ಹಳೇ ಬಟ್ಟೆ ಅಂಗಡಿಗೆ ಹೋಗೋಕೆ ಅಲ್ಲಿ ಯಾರಿಗೂ ನಾಚಿಕೆಯಿಲ್ಲ, ಚೆನ್ನಾಗಿ ಕೆಲಸದಲ್ಲಿರುವವರೂ ಬಂದು ಕೆದಕುತ್ತಾರೆ. ಇದು ನನಗೆ ಬಹಳ ಹಿಡಿಸಿತು. ಅಲ್ಲೂ ಬಿಲ್ಲು ಕೇಳಿ ಪಡೆದೆ.

ಆಮೇಲೆ ಶುರುವಾಯಿತು ಕಾಯುವ ಕೆಲಸ. ಬೆಳಗ್ಗೆ ಎದ್ದ ಕೂಡಲೇ ಆ 10 ಅಕ್ಷರದ ಗುರುತು ಹಾಕಿ ನೋಡುವುದು. 'ಹುಡುಕಾಟ ನಡೆದಿದೆ' ಅಂತ ಬರುತ್ತಿತ್ತು. ಕಂಪನಿಗೆ ಫೋನು ಮಾಡಿದರೆ ಸಂಗೀತ ಕೇಳಿಸುತ್ತಿತ್ತು. ಕೊನೆಗೆ ಯಾರಾದರೂ ಎತ್ತಿದರೆ ಅವರೂ ಅದೇ ಪುಟ ತೆರೆದು ಅದನ್ನೇ ಓದುತ್ತಿದ್ದರು. ನಮಗಿಂತ ನಾಲ್ಕೂವರೆ ಗಂಟೆ ಮುಂದಿನ ಊರು ಅದು. ಹಾಸನದಲ್ಲಿ ಸಂಜೆ ಐದಾದಾಗ ಅಲ್ಲಿ ರಾತ್ರಿ ಒಂಬತ್ತೂವರೆ. ನಮ್ಮನೆಯವರು ಹಾಲು ಹಾಕಿ ಬಂದು ನಿಧಾನವಾಗಿ ಫೋನು ಮಾಡಿ, 'ಬಂತಾ?' ಅನ್ನುತ್ತಿದ್ದರು. ಮಗು ಬಂತಾ ಅಂತಲೋ ಸೂಟ್‌ಕೇಸ್ ಬಂತಾ ಅಂತಲೋ ನನಗೆ ಪ್ರತಿ ಸಲವೂ ಗೊಂದಲ.

ಬಟ್ಟೆ ಇಲ್ಲದ್ದು ನಿಜಕ್ಕೂ ಅಂಥ ಕಷ್ಟ ಅಲ್ಲ. ನನಗೆ ಆಗುತ್ತಿದ್ದ ಸಂಕಟ ಬೇರೆ. ಅಷ್ಟು ದೂರ ಹೋಗಿದ್ದು ಮಾಡೋಕೆ, ಮಾಡಿಸಿಕೊಳ್ಳೋಕಲ್ಲ. ಅಲ್ಲಿ ಹೋಗಿ ಬಸುರಿ ಮಗಳ ಕೈಯಲ್ಲಿ ಬಟ್ಟೆ ಕೊಡಿಸಿಕೊಂಡು, ಅವಳ ಟ್ರಾಮ್ ಕಾರ್ಡು ತಾಗಿಸಿ ಓಡಾಡುತ್ತಾ, ಅವಳು ಕಾಸಿ ಕೊಟ್ಟ ಕಾಫಿ ಕುಡಿಯುತ್ತಾ ಕೂತಿದ್ದೆ. ನನ್ನ ಅಧಿಕಾರವೆಲ್ಲ ಆ ಸೂಟ್‌ಕೇಸಿನಲ್ಲಿತ್ತು. ಒಂದು ಮಧ್ಯಾಹ್ನ ಸಾರು ಮಾಡೋಣ ಅಂತ ಎದ್ದರೆ, ಅವಳು ಡಬ್ಬಿ ತೆರೆದು ತೋರಿಸಿದಳು. ಸಾರಿನ ಪುಡಿ, ರಾಗಿ ಹಿಟ್ಟು, ಓಮ, ಮೆಂತ್ಯ, ಶುಂಠಿ ಪುಡಿ. ಎಲ್ಲಾ ಅಲ್ಲಿಯ ಇಂಡಿಯನ್ ಅಂಗಡಿಯದ್ದೇ. ಟಾರ್ನೀಟ್ ಕಡೆ ಇರುವ ಅವಳ ಕನ್ನಡದ ಗೆಳತಿ ನನ್ನ ಕಥೆ ಕೇಳಿ ಅಂಟಿನ ಉಂಡೆ ಮಾಡಿಕೊಂಡು, ಜೊತೆಗೆ ಎರಡು ಕಟ್ಟು ಸಬ್ಬಸಿಗೆ ಸೊಪ್ಪು ಹಿಡಿದು ಬಂದಳು. ಸಬ್ಬಸಿಗೆ ಅಲ್ಲಿಯ ಸೂಪರ್ ಮಾರ್ಕೆಟಿನಲ್ಲೇ ಸಿಗತ್ತಂತೆ, ಮೀನಿನ ಅಡುಗೆಗೆ ಹಾಕುತ್ತಾರಂತೆ. ಹಾಗಾದರೆ ನಾನು ಹಾಸನದಿಂದ ಹೊತ್ತಿದ್ದು ಏನನ್ನು? ಯೋಚಿಸಿ ನೋಡಿದರೆ ಹಳೇ ಪಂಚೆ, ಗಿಲಕಿ, ಬಜೆ ಇಷ್ಟೇ.

ಒಂದು ಬೆಳಗ್ಗೆ ಪುಟ ಬದಲಾಯಿತು. ಬ್ಯಾಗ್ ಸಿಕ್ಕಿದೆ, ನಡುವಿನ ಊರಿನಲ್ಲಿತ್ತು, ಮೆಲ್ಬರ್ನ್‌ಗೆ ಹೊರಟಿದೆ. ಮೆಲ್ಬರ್ನ್‌ಗೆ ಬಂದ ಮೇಲೂ ಕೈಗೆ ಸಿಗಲಿಲ್ಲ. ತಪಾಸಣೆ ಮುಗಿಯಬೇಕು, ಆಮೇಲೆ ಡೆಲಿವರಿಯವರಿಗೆ ಕೊಡಬೇಕು. ಬೆಳಗ್ಗೆ ಎಂಟರಿಂದ ಸಂಜೆ ಆರರೊಳಗೆ ಯಾವಾಗ ಬೇಕಾದರೂ ಬರಬಹುದು ಅಂತ ಸಂದೇಶ ಬಂತು. ಮಗಳಿಗೆ ಆಸ್ಪತ್ರೆಯಲ್ಲಿ ತೋರಿಸುವ ದಿನ ಅದು. ನಾನೊಬ್ಬಳೇ ಮನೆಯಲ್ಲಿ ಕಾದೆ. ಅಪಾರ್ಟ್‌ಮೆಂಟಿನ ಕೆಳಬಾಗಿಲಿನಿಂದ ಒತ್ತಿದರೆ ಗೋಡೆಯ ಪೆಟ್ಟಿಗೆ ಕೂಗತ್ತೆ, ಈ ಗುಂಡಿ ಒತ್ತಿ ಬಾಗಿಲು ತೆರಿ ಅಂತ ಅಳಿಯಂದಿರು ತೋರಿಸಿ ಹೋಗಿದ್ದರು. ಪೆಟ್ಟಿಗೆ ಕೂಗಲೇ ಇಲ್ಲ. ಸಂಜೆ ನೋಡಿದರೆ ಕೆಳಗೆ ಬಾಗಿಲಿಗೆ ಚೀಟಿ: 'ಬಂದಿದ್ದೆವು, ನೀವು ಇರಲಿಲ್ಲ.' ಇಡೀ ದಿನ ಆ ಪೆಟ್ಟಿಗೆಯ ಎದುರಿಗೇ ಕುರ್ಚಿ ಹಾಕಿ ಕೂತಿದ್ದೆ. ಸಿಟ್ಟು ಬಂದದ್ದು ಆಗ ಮಾತ್ರ. ಮರುದಿನ ಕೆಳಗೇ ಹೋಗಿ, ಕೋಟು ಹಾಕಿ, ಮೆಟ್ಟಿಲ ಮೇಲೆ ಕೂತೆ. ಬಿಸಿಲು, ಮಳೆ, ಗಾಳಿ, ಮತ್ತೆ ಬಿಸಿಲು. ಒಂದೇ ದಿನದಲ್ಲಿ ನಾಲ್ಕು ಕಾಲ ಅಂತ ಆ ಊರಿನವರು ಹೇಳಿಕೊಳ್ಳುತ್ತಾರೆ, ನಾಲ್ಕನ್ನೂ ಮೆಟ್ಟಿಲ ಮೇಲೆ ಕೂತೇ ನೋಡಿದೆ. ವ್ಯಾನು ಬಂತು. ಹಸಿರು ರಿಬ್ಬನ್ ಹಾಗೇ ಇತ್ತು. ಒಂದು ಚಕ್ರ ಇರಲಿಲ್ಲ.

ಸಹಿ ಹಾಕುವ ಮೊದಲು ಚಕ್ರ ಮುರಿದಿದೆ ಅಂತ ಅವನ ಯಂತ್ರದಲ್ಲಿ ಬರೆಸಿದೆ, ಅಲ್ಲೇ ಫೋಟೋನೂ ತೆಗೆದುಕೊಂಡೆ. ಒಳಗೆ ಎಲ್ಲವನ್ನೂ ತೆಗೆದು ನೋಡಿ ಮತ್ತೆ ಇಟ್ಟಿದ್ದರು, ನಾನು ಜೋಡಿಸಿದ್ದಕ್ಕಿಂತ ಅಚ್ಚುಕಟ್ಟಾಗಿ. ತೆರೆದು ನೋಡಿದ್ದೇವೆ ಅಂತ ಒಂದು ಚೀಟಿ ಇತ್ತು. ಪುಡಿಗಳು ಬಂದಿದ್ದವು, ಗಿಲಕಿ ಬಂದಿತ್ತು. ಬಜೆ ಬೇರು ಇರಲಿಲ್ಲ.

ನನಗೆ ಬೇಜಾರಾಯಿತು, ಮಗಳಿಗೆ ಖುಷಿ. ಆರು ತಿಂಗಳ ತನಕ ಎದೆಹಾಲು ಬಿಟ್ಟು ಬೇರೇನೂ ಕೊಡಬಾರದು ಅಂತ ಅವಳು ಮೊದಲಿನಿಂದಲೂ ಹೇಳುತ್ತಿದ್ದಳು. ಅದೇ ಬಜೆ ತೇದು ನೆಕ್ಕಿಸಿ ನಿನ್ನನ್ನು ಬೆಳೆಸಿದ್ದು ಅಂತ ನಾನು. ಮಗು ಹುಟ್ಟಿದ ಮೇಲೆ ಸರ್ಕಾರದ ಕಡೆಯಿಂದ ಒಬ್ಬ ನರ್ಸು ಮನೆಗೇ ಬಂದು ನೋಡುವ ಪದ್ಧತಿ ಅಲ್ಲಿದೆ, ದುಡ್ಡಿಲ್ಲ. ಮಗು ಮನೆಗೆ ಬಂದ ಮೇಲೆ ಆಕೆಯೂ ಬಂದಳು, ಮಗಳು ಬೇಕೂಂತಲೇ ಈ ಮಾತು ಎತ್ತಿದಳು. ನರ್ಸು ಮಗಳ ಪಕ್ಷ. ಆದರೆ ಹಳೇ ಪಂಚೆಯಲ್ಲಿ ಸುತ್ತಿದ ಮಗುವನ್ನು ಮುಟ್ಟಿ ನೋಡಿ, ಇಂಥ ಬಟ್ಟೆ ಎಲ್ಲಿ ಸಿಗತ್ತೆ ಅಂತ ಕೇಳಿದಳು.

ಇನ್ನು ಕಾಗದದ ಕೆಲಸ. ದೇಶದಿಂದ ದೇಶಕ್ಕೆ ಹಾರುವ ವಿಮಾನಗಳಿಗೆ ಮಾಂಟ್ರಿಯಲ್ ಒಪ್ಪಂದ ಅಂತ ಒಂದಿದೆ, 1999ರದ್ದು. ಭಾರತ, ಆಸ್ಟ್ರೇಲಿಯಾ ಎರಡರಲ್ಲೂ 2009ರಿಂದ ಜಾರಿಯಲ್ಲಿದೆ. ಬ್ಯಾಗಿಗೆ ಪೆಟ್ಟಾಗಿದ್ದರೆ ಕೈಗೆ ಸಿಕ್ಕ 7 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ತಡವಾಗಿ ಬಂದಿದ್ದರೆ 21 ದಿನ. 21 ದಿನ ಕಳೆದರೂ ಬಾರದಿದ್ದರೆ ಕಳೆದುಹೋಯಿತು ಅಂತಲೇ ಲೆಕ್ಕ, ಪೂರ್ತಿ ಪರಿಹಾರ ಕೇಳಬಹುದು. ಪರಿಹಾರಕ್ಕೆ ಮಿತಿ ಇದೆ. 2024ರ ಡಿಸೆಂಬರ್ 28ರಿಂದ ಅದು ಒಬ್ಬ ಪ್ರಯಾಣಿಕರಿಗೆ 1519 ಎಸ್‌ಡಿಆರ್. ಎಸ್‌ಡಿಆರ್ ಅಂದರೆ ಐಎಂಎಫ್ ಲೆಕ್ಕದ ಹಣ. ಸುಮಾರು 2000 ಅಮೆರಿಕನ್ ಡಾಲರ್ ಆಸುಪಾಸು ಆಗತ್ತೆ. ಹಾಗಂತ ತಡವಾದವರಿಗೆಲ್ಲ ಅಷ್ಟೂ ಕೊಡುತ್ತಾರೆ ಅಂತಲ್ಲ. ಎಷ್ಟು ಖರ್ಚಾಯಿತೋ ಅದನ್ನು ತೋರಿಸಿದರೆ, ಅವರಿಗೆ ಒಪ್ಪಿಗೆಯಾದಷ್ಟು ಕೊಡುತ್ತಾರೆ.

ನಾನು ಎರಡು ಬೇರೆ ಬೇರೆ ಅರ್ಜಿ ಬರೆದೆ. ಚಕ್ರಕ್ಕೊಂದು, ತಡಕ್ಕೊಂದು. ಒಂದರೊಳಗೆ ಎರಡು ವಿಷಯ ಹಾಕಿದರೆ ಮೊದಲನೆಯದಕ್ಕೆ ಮಾತ್ರ ಉತ್ತರ ಬರತ್ತೆ, ಇದು ಎಲ್ಲ ದೇಶದ ಎಲ್ಲ ಆಫೀಸಿಗೂ ನಿಜ ಅಂತ ನನ್ನ ನಂಬಿಕೆ. ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಕೌಂಟರಿನ ಕಾಗದ, ಬೋರ್ಡಿಂಗ್ ಪಾಸು, ನಂಬರಿನ ಚೀಟಿ, ಚಕ್ರದ ಫೋಟೋ ಎಲ್ಲಾ ಸೇರಿಸಿ ಮಗಳ ಕೈಯಲ್ಲಿ ಕಳಿಸಿದೆ.

ಚಕ್ರದ ಉತ್ತರ ಬೇಗ ಬಂತು, ರಿಪೇರಿ ಖರ್ಚು ಕೊಡುತ್ತೇವೆ ಅಂತ. ಎರಡನೆಯದು ನಾನು ಹಾಸನಕ್ಕೆ ವಾಪಸ್ ಬಂದ ಮೇಲೆ ಬಂತು. ಕೆಮಾರ್ಟ್ ಬಟ್ಟೆಗೆ ಒಪ್ಪಿಗೆ, ಅಡಾಪ್ಟರಿಗೂ ಒಪ್ಪಿಗೆ. ಆಪ್ ಶಾಪಿನ ಕೋಟಿಗೆ ಅರ್ಧ, ಯಾಕೆಂದರೆ ಅದನ್ನು ಮುಂದೆಯೂ ಬಳಸಬಹುದಂತೆ. ರಬ್ಬರ್ ಚಪ್ಪಲಿ ಅಗತ್ಯ ವಸ್ತುವಲ್ಲವಂತೆ. ಜುಲೈ ತಿಂಗಳಲ್ಲಿ ಆ ನೆಲದ ಮೇಲೆ ಬರಿಗಾಲಲ್ಲಿ ಒಂದು ಸಲ ನಿಂತು ನೋಡಿ ಹೇಳಲಿ ಅಂತ ಮಗಳಿಗೆ ಹೇಳಿದೆ. ಅವಳು ಅದನ್ನು ಸ್ವಲ್ಪ ಮರ್ಯಾದೆಯಾಗಿ ಬರೆದು ಕಳಿಸಿದಳು. ಚಪ್ಪಲಿಗೂ ಒಪ್ಪಿದರು. ಹಣ ವಿದೇಶದಿಂದ ನನ್ನ ಖಾತೆಗೆ ಬಂತು, ನಾನು ಕೆಲಸ ಮಾಡಿದ ಬ್ರಾಂಚಿನಲ್ಲೇ ಇರುವ ಖಾತೆ. ಪಾಸ್‌ಬುಕ್ ಹಾಕಿಸಿ ನೋಡಿದರೆ ಹೊರದೇಶದ ಹಣಕ್ಕೆ ಅಂತ ಶುಲ್ಕ ಮುರಿದುಕೊಂಡಿದ್ದಾರೆ. ಹೆಚ್ಚುಕಡಿಮೆ ಆ ಚಪ್ಪಲಿಯ ಬೆಲೆಯಷ್ಟೇ. ಯಾಕಪ್ಪ ಅಂತ ಕೌಂಟರಿನ ಹುಡುಗನನ್ನು ಕೇಳಿದೆ. ಅವನು ಬಹಳ ವಿನಯದಿಂದ ನಿಯಮ ವಿವರಿಸೋಕೆ ಶುರು ಮಾಡಿದ. ಅವನು ಆ ಕುರ್ಚಿಗೆ ಬರುವ ಮೊದಲು ಅದೇ ವಿವರಣೆಯನ್ನು ಅಲ್ಲೇ ಕೂತು ಹೇಳುತ್ತಿದ್ದವಳು ನಾನು. ಪೂರ್ತಿ ಕೇಳಿಸಿಕೊಂಡು, ಸರಿ ಅಂತ ಪಾಸ್‌ಬುಕ್ ತೆಗೆದುಕೊಂಡು ಬಂದೆ.